ಪ್ರತಿಸ್ಪರ್ಧಿ ಕಂಪನಿಗೆ ಕನ್ನ ಬಿದ್ದಿದೆ, ನಮ್ಮಲ್ಲಿ ಮೊದಲ ವಾರ ಏನೇನು ಮಾಡಬೇಕು?

ಹೊಸಬೇಲಿ

ಒಂದೇ ವ್ಯವಹಾರದ ಎರಡು ಕಂಪನಿ ಇವೆ ಅಂತಿಟ್ಟುಕೊಳ್ಳಿ. ಒಂದಕ್ಕೆ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳೋ ಮಾಲ್‌ವೇರ್) ಬಡಿದು ಸುದ್ದಿಯಾಯ್ತು. ಸಂಜೆಯೊಳಗೆ ಇನ್ನೊಂದರ ಆಡಳಿತ ಮಂಡಳಿಯಿಂದ ಒಂದು ಸಾಲಿನ ಮೇಲ್ ಬರುತ್ತೆ: "ಇದು ನಮಗೂ ಆಗುತ್ತಾ?"

ಆಮೇಲೆ ಬಹಳ ಕಡೆ ನಡೆಯೋದು ಇಷ್ಟು. ಎಲ್ಲರೂ ಪಾಸ್‌ವರ್ಡ್ ಬದಲಿಸಿ ಅಂತ ಸುತ್ತೋಲೆ. ಎಲ್ಲಿಂದಲೋ ಸಿಕ್ಕ ದಾಳಿಕೋರರ ಐಪಿ ವಿಳಾಸಗಳ ಪಟ್ಟಿ ಫೈರ್‌ವಾಲ್‌ಗೆ. "ನಮ್ಮಲ್ಲಿ ಬಹುಸ್ತರ ರಕ್ಷಣೆ ಇದೆ" ಅನ್ನೋ ಹತ್ತು ಸ್ಲೈಡ್. ಇಷ್ಟಕ್ಕೆ ಅಪಾಯ ಕಡಿಮೆ ಆಗುತ್ತೆ ಅಂತ ನನಗೆ ಅನ್ನಿಸಲ್ಲ.

ಕೇಳಬೇಕಾಗಿರೋದು ಇದು: ಆ ಕಂಪನಿ ವಿವರ ಏನೂ ಬಿಡುಗಡೆ ಮಾಡದೇ ಇದ್ದಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ? ಮೇಲಿನವರಿಗೆ ಒಂದು ಪುಟದ ಉತ್ತರ ಕೊಡಬೇಕಾದರೆ ಅದರಲ್ಲಿ ಏನಿರಬೇಕು? ಚರ್ಚೆ ಒಂದು ಹದಕ್ಕೆ ಬಂದ ಮೇಲೆ ಕರಡು ಇಲ್ಲೇ ಹಾಕ್ತೀನಿ, ತಿದ್ದಿ.

ಲಾಗ್_ಓದುಗ

ಮಂಡಳಿ ಕೇಳಿದ ಪ್ರಶ್ನೆಗಿಂತ ಮೊದಲು ಉತ್ತರ ಬೇಕಾದ ಪ್ರಶ್ನೆ ಇನ್ನೊಂದಿದೆ: "ನಮಗೆ ಈಗಾಗಲೇ ಆಗಿಬಿಟ್ಟಿದೆಯಾ?" ಒಂದೇ ಗುಂಪು ಒಂದೇ ಕ್ಷೇತ್ರದವರ ಮೇಲೆ ಸಾಲಾಗಿ ಬೀಳೋದು ಮಾಮೂಲು. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಯಾಸಿನೊ ಕಂಪನಿಗಳಾದ ಸೀಸರ್ಸ್, ಎಂಜಿಎಂ ಎರಡೂ ಹೊಡೆತ ತಿಂದ ಸುದ್ದಿ ಬಂದಿದ್ದು ಕೆಲವೇ ದಿನಗಳ ಅಂತರದಲ್ಲಿ. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಅಂಗಡಿ ಸರಣಿ ಮಾರ್ಕ್ಸ್ ಅಂಡ್ ಸ್ಪೆನ್ಸರ್, ಅದರ ಬೆನ್ನಿಗೇ ಕೋ-ಆಪ್, ಹ್ಯಾರಡ್ಸ್.

ಹಾಗಾಗಿ ಮೊದಲ ದಿನದ ಮೊದಲ ಕೆಲಸ, ಲಾಗ್ (ಯಾರು ಯಾವಾಗ ಏನು ಮಾಡಿದರು ಅನ್ನೋ ಯಂತ್ರದ ದಾಖಲೆ) ಅಳಿಸೋದನ್ನ ನಿಲ್ಲಿಸೋದು. 30 ದಿನಕ್ಕೆ ತಾನಾಗೇ ಅಳಿಸಿಹೋಗೋ ವಿಪಿಎನ್ (ಹೊರಗಿಂದ ಕಂಪನಿ ಜಾಲಕ್ಕೆ ಬರೋ ದಾರಿ) ಲಾಗ್, ಏಳು ದಿನಕ್ಕೆ ಮುಗಿಯೋ ಡಿಎನ್‌ಎಸ್ (ಯಾವ ಜಾಲತಾಣ ಹುಡುಕಿದರು ಅನ್ನೋ) ಲಾಗ್, ಹೈಪರ್‌ವೈಸರ್ (ಒಂದೇ ಯಂತ್ರದಲ್ಲಿ ಹಲವು ಸರ್ವರ್ ಓಡಿಸೋ ಸಾಫ್ಟ್‌ವೇರ್) ಲಾಗ್, ಎಲ್ಲದರ ಅವಧಿ ಅವತ್ತೇ ಹಿಗ್ಗಿಸಿ. ವಿವರ ಹೊರಬರೋಕೆ ವಾರಗಳು ಹಿಡಿಯುತ್ತೆ. ಅಷ್ಟರಲ್ಲಿ ನೋಡಬೇಕಾದ ದಿನಾಂಕದ ಲಾಗೇ ಇಲ್ಲ ಅಂತಾದರೆ ಮುಂದಿನ ಯಾವ ಹುಡುಕಾಟಕ್ಕೂ ಅರ್ಥ ಇಲ್ಲ.

ಆಮೇಲೆ 90 ದಿನ ಹಿಂದಕ್ಕೆ ಹೋಗಿ ಹುಡುಕಿ:

– ಎರಡನೇ ಹಂತದ ದೃಢೀಕರಣ ರೀಸೆಟ್ ಆಗಿ, ಒಂದು ಗಂಟೆಯೊಳಗೆ ಹೊಸ ಸಾಧನದಿಂದ ಲಾಗಿನ್ ಆದ ಖಾತೆಗಳು
– ಮೇಲ್‌ಬಾಕ್ಸ್‌ನಲ್ಲಿ ಹೊಸದಾಗಿ ಹುಟ್ಟಿದ ಫಾರ್ವರ್ಡ್ ನಿಯಮ, ಹೊಸ ಆ್ಯಪ್‌ಗೆ ಕೊಟ್ಟ ಅನುಮತಿ
– ನಿಮ್ಮ ಪಟ್ಟಿಯಲ್ಲಿ ಇಲ್ಲದ ಎನಿಡೆಸ್ಕ್, ಸ್ಕ್ರೀನ್‌ಕನೆಕ್ಟ್ ಥರದ ದೂರನಿಯಂತ್ರಣ ಸಾಧನ
– ಫೈಲ್‌ಗಳನ್ನ ಕ್ಲೌಡ್‌ಗೆ ನಕಲಿಸೋ ಆರ್‌ಕ್ಲೋನ್ ಓಡಿದ್ದು, ಸರ್ವರ್ ಒಂದರಿಂದ ರಾತ್ರಿ ಹೊತ್ತು ದೊಡ್ಡ ಮೊತ್ತದ ಡೇಟಾ ಹೊರಗೆ ಹೋಗಿದ್ದು
– ಶ್ಯಾಡೋ ಕಾಪಿ (ವಿಂಡೋಸ್ ತಾನೇ ಇಡೋ ಫೈಲ್ ಪ್ರತಿ) ಅಳಿಸೋ ವಿಎಸ್‌ಎಸ್‌ಅಡ್ಮಿನ್ ಆದೇಶ, ಎಲ್ಲರ ಪಾಸ್‌ವರ್ಡ್ ಹ್ಯಾಶ್ ಇರೋ ಎನ್‌ಟಿಡಿಎಸ್ ಫೈಲ್ ಎತ್ತೋ ಪ್ರಯತ್ನ

ಮೊದಲ ಸಾಲಿಗೆ ಉತ್ತರ ಸಿಗದಿದ್ದರೆ ಹೆಲ್ಪ್ ಡೆಸ್ಕ್ ಟಿಕೆಟ್ ಮತ್ತು ರೀಸೆಟ್ ಲಾಗ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಟಿಕೆಟ್ ಇಲ್ಲದ ರೀಸೆಟ್ ಒಂದೇ ಒಂದು ಸಿಕ್ಕರೂ ಸಾಕು, ಎಳೆ ಸಿಕ್ಕ ಹಾಗೆ.

ಪ್ಯಾಚ್_ಮಂಗಳವಾರ

ಲಾಗ್ ಉಳಿಸೋ ಮಾತು ಒಪ್ಪಿದೆ. ಆದರೆ ಹುಡುಕ್ತಾ ಕೂತಿರುವಾಗ ಬಾಗಿಲು ತೆರೆದೇ ಇದ್ದರೆ? ಫೈಲ್ ಸಾಗಿಸೋ ಸಾಫ್ಟ್‌ವೇರ್ ಮೂವ್‌ಇಟ್ ನೆನಪಿರಲಿ. 2023ರ ಮೇ ಕೊನೆಯಲ್ಲಿ ಕ್ಲಾಪ್ ಗುಂಪು ಅದರ ಒಂದೇ ಎಸ್‌ಕ್ಯೂಎಲ್ ಇಂಜೆಕ್ಷನ್ (ಡೇಟಾಬೇಸ್‌ಗೆ ಆದೇಶ ತುರುಕೋ) ದೋಷ ಹಿಡ್ಕೊಂಡು ನೂರಾರು ಸಂಸ್ಥೆಗಳ ಫೈಲ್ ಹೊತ್ತೊಯ್ತು. ಅಂಥ ಪ್ರಕರಣದಲ್ಲಿ ಪಕ್ಕದವರಿಗೆ ಹೊಡೆತ ಬಿದ್ದಿದೆ ಅಂದರೆ ನಿಮಗಿರೋದು ಗಂಟೆಗಳ ಲೆಕ್ಕ. ಇಂಟರ್‌ನೆಟ್‌ಗೆ ತೆರೆದಿರೋ ವಿಪಿಎನ್ ಪೆಟ್ಟಿಗೆ, ಫೈಲ್ ಸಾಗಿಸೋ ಸಾಫ್ಟ್‌ವೇರ್, ರಿಮೋಟ್ ಡೆಸ್ಕ್‌ಟಾಪ್ ಗೇಟ್‌ವೇ, ಈ ಮೂರರ ಆವೃತ್ತಿ ಅವತ್ತೇ ಗೊತ್ತಾಗಬೇಕು. ಇಲ್ಲಿ ಪ್ಯಾಚೇ (ದೋಷ ಸರಿಪಡಿಸೋ ಅಪ್‌ಡೇಟ್) ಮೊದಲು.

ಲಾಗ್_ಓದುಗ

ಮೂವ್‌ಇಟ್‌ನಲ್ಲಿ ಪ್ಯಾಚ್ ಬರೋ ಮೊದಲೇ ಕಳವು ಶುರುವಾಗಿತ್ತಲ್ಲ. ಪ್ಯಾಚ್ ಹಾಕಿ ಕೈತೊಳೆದುಕೊಂಡವರ ಸರ್ವರ್‌ನಲ್ಲಿ ವೆಬ್‌ಶೆಲ್ (ದಾಳಿಕೋರರು ಇಟ್ಟುಹೋದ ಹಿಂಬಾಗಿಲು) ಹಾಗೇ ಕೂತಿತ್ತು. ಬಾಗಿಲು ಹಾಕಿದ್ರಿ, ಕಳ್ಳ ಒಳಗೇ ಇದ್ದಾನೆ. ಎರಡೂ ಕೆಲಸ ಜೊತೆಯಲ್ಲೇ ನಡೀಬೇಕು, ಬೇರೆಬೇರೆ ಜನ ಮಾಡಬೇಕು.

ಪ್ಯಾಚ್_ಮಂಗಳವಾರ

ಸರಿ, ಆ ತಿದ್ದುಪಡಿ ಒಪ್ಪಿಕೊಂಡೆ. ಇನ್ನೊಂದು ಮಾತು ಸೇರಿಸ್ತೀನಿ: "ಸ್ಕ್ಯಾನ್ ಮಾಡಿದ್ವಿ, ಏನೂ ಸಿಗಲಿಲ್ಲ" ಅನ್ನೋದನ್ನ ಸಾಕ್ಷಿ ಅಂತ ತಗೋಬೇಡಿ. ಅಮೆರಿಕದ ಸಾಲ ವರದಿ ಕಂಪನಿ ಈಕ್ವಿಫ್ಯಾಕ್ಸ್‌ನಲ್ಲಿ ಆಗಿದ್ದು ಅದೇ. ವೆಬ್ ಅಪ್ಲಿಕೇಶನ್ ಕಟ್ಟೋಕೆ ಬಳಸೋ ಅಪಾಚೆ ಸ್ಟ್ರಟ್ಸ್ ಲೈಬ್ರರಿಯ ದೋಷಕ್ಕೆ (ಸಿವಿಇ-2017-5638) 2017ರ ಮಾರ್ಚ್ 7ಕ್ಕೆ ಪ್ಯಾಚ್ ಬಂತು. ಎರಡೇ ದಿನದಲ್ಲಿ ಒಳಗಿನವರಿಗೆ ಮೇಲ್ ಹೋಯ್ತು, 48 ಗಂಟೆಯಲ್ಲಿ ಹಾಕಿ ಅಂತ. ಮಾರ್ಚ್ 15ಕ್ಕೆ ಸ್ಕ್ಯಾನೂ ನಡೆಯಿತು, ದೋಷವಿದ್ದ ಸರ್ವರ್ ಮಾತ್ರ ಅದರ ಕಣ್ಣಿಗೆ ಬೀಳಲಿಲ್ಲ. ಮೇ ತಿಂಗಳಿಂದ ಕಳವು, ಜುಲೈ 29ರವರೆಗೆ ಗೊತ್ತೇ ಆಗಲಿಲ್ಲ. ಜಾಲದ ಗೂಢಲಿಪಿ ಸಂಚಾರ ಬಿಚ್ಚಿ ನೋಡಬೇಕಿದ್ದ ಉಪಕರಣದ ಸರ್ಟಿಫಿಕೇಟ್ ಅವಧಿ ಮುಗಿದು, ಅದು ಕುರುಡಾಗಿ ಕೂತಿತ್ತು. 147 ಮಿಲಿಯನ್ ಜನರ ವಿವರ ಹೋಯ್ತು.

ಆದ್ದರಿಂದ ಸ್ಕ್ಯಾನರ್ ಜೊತೆಗೆ ಕೈಯಾರೆ ನೋಡಿ: ಫೈಲ್ ಸಿಸ್ಟಮ್‌ನಲ್ಲಿ ಆ ಲೈಬ್ರರಿಯ ಹೆಸರು ಹುಡುಕಿ, ಅಪ್ಲಿಕೇಶನ್ ಮಾಲೀಕರಿಂದ ಲಿಖಿತ ಉತ್ತರ ತಗೊಳ್ಳಿ. ನಿಗಾ ಉಪಕರಣಗಳ ಸರ್ಟಿಫಿಕೇಟ್ ಅವಧಿಯನ್ನೂ ಅದೇ ದಿನ ನೋಡಿ, ಅರ್ಧ ಗಂಟೆ ಕೆಲಸ.

ಎರಡನೇಬೀಗ

ಇಬ್ಬರೂ ಒಳಗೆ ಬಂದ ಮೇಲಿನ ಮಾತು ಆಡ್ತಿದ್ದೀರಿ. ಈಗಿನ ಕನ್ನಗಳಲ್ಲಿ ದೊಡ್ಡ ಪಾಲು ಗೋಡೆ ಒಡೆದು ಬರೋದಿಲ್ಲ, ಬೀಗದ ಕೈ ಇಸ್ಕೊಂಡು ಬರುತ್ತೆ.

ಒಂದೇ ದಾಳಿ, ಎರಡು ಕಂಪನಿ, ಎರಡು ಫಲಿತಾಂಶ. ಇದಕ್ಕೆ ಇಂಟರ್‌ನೆಟ್ ಸೇವಾ ಕಂಪನಿಗಳಾದ ಟ್ವಿಲಿಯೋ, ಕ್ಲೌಡ್‌ಫ್ಲೇರ್‌ಗಳ 2022ರ ಪ್ರಕರಣಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ. ಎರಡೂ ಕಡೆ ನೌಕರರ ಫೋನಿಗೆ ಕಂಪನಿಯ ಲಾಗಿನ್ ಪುಟದ ಥರದ ಲಿಂಕ್ ಇರೋ ಎಸ್‌ಎಂಎಸ್ ಬಂತು. ಕ್ಲೌಡ್‌ಫ್ಲೇರ್‌ನಲ್ಲಿ ಒಂದು ನಿಮಿಷದೊಳಗೆ ಕನಿಷ್ಠ 76 ಜನಕ್ಕೆ. ಆ ನಕಲಿ ಡೊಮೇನ್ ನೋಂದಣಿಯಾಗಿ 40 ನಿಮಿಷವೂ ಆಗಿರಲಿಲ್ಲ. ಮೂವರು ಪಾಸ್‌ವರ್ಡ್ ಹಾಕಿಯೂಬಿಟ್ಟರು. ಆದರೂ ದಾಳಿಕೋರರು ಒಳಗೆ ಬರಲಿಲ್ಲ, ಯಾಕೆಂದರೆ ಎಲ್ಲರ ಹತ್ತಿರ ಫಿಡೋ2 ಭೌತಿಕ ಕೀಲಿ (ಲಾಗಿನ್‌ಗೆ ಬಳಸೋ ಪುಟ್ಟ ಸಾಧನ) ಇತ್ತು. ಆ ಕೀಲಿ ತಾನು ನೋಂದಣಿಯಾದ ಡೊಮೇನ್ ಬಿಟ್ಟು ಬೇರೆ ಡೊಮೇನ್‌ಗೆ ಉತ್ತರವನ್ನೇ ಕೊಡೋದಿಲ್ಲ. ಟ್ವಿಲಿಯೋದಲ್ಲಿ ದಾಳಿಕೋರರು ಒಳಹೊಕ್ಕು ಗ್ರಾಹಕರ ಡೇಟಾ ನೋಡಿದರು.

ಆರು ಅಂಕಿ ಓಟಿಪಿಯನ್ನ ನಕಲಿ ಪುಟದಲ್ಲಿ ಟೈಪ್ ಮಾಡಿಸಬಹುದು. "ಹೌದು ನಾನೇ" ಅನ್ನೋ ಪುಶ್ ಒತ್ತೋವರೆಗೂ ಕಾಡಿಸಬಹುದು. ಕೀಲಿ ಅಥವಾ ಪಾಸ್‌ಕೀ (ಫೋನ್, ಕಂಪ್ಯೂಟರಲ್ಲೇ ಇರೋ ಅಂಥದ್ದೇ ಕೀಲಿ) ಮಾತ್ರ ಈ ದಾರಿ ಮುಚ್ಚುತ್ತೆ. ಮೊದಲ ವಾರ ಎಲ್ಲರಿಗೂ ಕೊಡೋದು ಆಗದ ಮಾತು. ಅಡ್ಮಿನ್‌ಗಳು, ಹೆಲ್ಪ್ ಡೆಸ್ಕ್, ಹಣಕಾಸು ವಿಭಾಗ, ಇಷ್ಟಕ್ಕೆ ಶುರು ಮಾಡಿ. ಒಬ್ಬರಿಗೆ ಎರಡು ಕೀಲಿ. ಒಂದೇ ಕೊಟ್ಟರೆ ಕಳೆದ ದಿನ ಹೆಲ್ಪ್ ಡೆಸ್ಕ್ ಮತ್ತೆ ಎಸ್‌ಎಂಎಸ್ ಓಟಿಪಿ ಆನ್ ಮಾಡಿಕೊಡುತ್ತೆ, ಅದು ಆಮೇಲೆ ಯಾವತ್ತೂ ಆಫ್ ಆಗಲ್ಲ.

ಕರೆಗಂಟೆ

ಆ ಕೊನೆ ಸಾಲಿಗೆ ನೂರು ಸಲ ಹೌದು. ಕೀಲಿ ಎಷ್ಟೇ ಗಟ್ಟಿ ಇರಲಿ, ಅದನ್ನ ಫೋನಲ್ಲಿ ರೀಸೆಟ್ ಮಾಡಿಕೊಡೋ ವ್ಯವಸ್ಥೆ ಇದ್ದರೆ ನಿಮ್ಮ ರಕ್ಷಣೆ ಆ ಫೋನ್ ಕರೆಯಷ್ಟೇ ಗಟ್ಟಿ. ಸೀಸರ್ಸ್ ತಾನೇ ಸಲ್ಲಿಸಿದ ವರದಿಯಲ್ಲಿ ಹೊರಗುತ್ತಿಗೆ ಐಟಿ ಬೆಂಬಲ ಸಂಸ್ಥೆಯ ಮೇಲೆ ನಡೆದ ವಂಚನೆ ಅಂತಲೇ ಬರೆದಿದೆ. ಕಂಪನಿಗಳಿಗೆ ಲಾಗಿನ್ ಸೇವೆ ಕೊಡೋ ಓಕ್ಟಾ 2023ರ ಆಗಸ್ಟ್ 31ಕ್ಕೇ ಎಚ್ಚರಿಕೆ ಕೊಟ್ಟಿತ್ತು: ಹೆಲ್ಪ್ ಡೆಸ್ಕ್‌ಗೆ ಕರೆ ಮಾಡಿ ಅತ್ಯುನ್ನತ ಅಡ್ಮಿನ್‌ಗಳ ಎರಡನೇ ಹಂತ ರೀಸೆಟ್ ಮಾಡಿಸ್ತಿದ್ದಾರೆ ಅಂತ.

ಹೆಲ್ಪ್ ಡೆಸ್ಕ್‌ಗೆ ಅವತ್ತೇ ಕೊಡಬಹುದಾದ ನಿಯಮಗಳು:

1. ಬಂದ ಕರೆಯಲ್ಲಿ ರೀಸೆಟ್ ಇಲ್ಲ. ಕರೆ ಇಟ್ಟು, ಎಚ್ಆರ್ ದಾಖಲೆಯ ನಂಬರಿಗೆ ತಿರುಗಿ ಮಾಡಬೇಕು.
2. ಆ ನಂಬರ್ ಕಳೆದ 14 ದಿನದಲ್ಲಿ ಬದಲಾಗಿದ್ದರೆ ಅದು ಲೆಕ್ಕಕ್ಕಿಲ್ಲ. ದಾಳಿಕೋರರು ಮೊದಲು ಎಚ್ಆರ್ ಪೋರ್ಟಲ್‌ಗೆ ಹೋಗಿ ನಂಬರ್ ಬದಲಿಸ್ತಾರೆ, ಆಮೇಲೆ ಕರೆ ಮಾಡ್ತಾರೆ.
3. ನೌಕರ ಸಂಖ್ಯೆ, ಹುಟ್ಟಿದ ದಿನಾಂಕ, ಮ್ಯಾನೇಜರ್ ಹೆಸರು ಗುರುತಿನ ಪುರಾವೆ ಅಲ್ಲ. ಮೂರೂ ಸೋರಿಹೋದ ಪಟ್ಟಿಗಳಲ್ಲಿ, ಲಿಂಕ್ಡ್‌ಇನ್‌ನಲ್ಲಿ ಸಿಗುತ್ತೆ.
4. ಅಡ್ಮಿನ್ ಖಾತೆಗೆ ಫೋನ್ ರೀಸೆಟ್ ಇಲ್ಲವೇ ಇಲ್ಲ. ಇಬ್ಬರು ಒಪ್ಪಿಗೆ ಕೊಡಬೇಕು, ಅದರಲ್ಲಿ ಒಬ್ಬರು ಮುಖಾಮುಖಿ ನೋಡಿರಬೇಕು.
5. ಕೊಡೋ ತಾತ್ಕಾಲಿಕ ಪಾಸ್ ಒಂದು ಗಂಟೆಗೆ ಮುಗೀಬೇಕು, ಒಂದೇ ಸಲ ನಡೀಬೇಕು.

ಎಡವೋದು ಎಲ್ಲಿ ಅಂದರೆ ಒಪ್ಪಂದದಲ್ಲಿ. ಹೊರಗುತ್ತಿಗೆ ಹೆಲ್ಪ್ ಡೆಸ್ಕ್‌ನವರಿಗೆ ಒಂದು ಕರೆಯನ್ನ ಎಷ್ಟು ನಿಮಿಷದಲ್ಲಿ ಮುಗಿಸಿದರು ಅನ್ನೋದರ ಮೇಲೆ ಅಂಕ. ತಿರುಗಿ ಕರೆ ಮಾಡಿದವನ ಅಂಕ ಇಳಿಯುತ್ತೆ. ನಿಯಮ ಬರೆದ ದಿನವೇ ರೀಸೆಟ್ ಟಿಕೆಟ್‌ಗಳನ್ನ ಆ ಅಳತೆಯಿಂದ ಹೊರಗಿಡಿ. ಇಲ್ಲದಿದ್ದರೆ ಎರಡು ವಾರದಲ್ಲಿ ನಿಯಮ ಕಾಗದದಲ್ಲಷ್ಟೇ ಉಳಿಯುತ್ತೆ, ಅದರಲ್ಲಿ ಆ ಹುಡುಗರ ತಪ್ಪೇನೂ ಇಲ್ಲ.

ತೆರೆದಕಿಟಕಿ

ವಿಡಿಯೋ ಕರೆಯಲ್ಲಿ ಗುರುತಿನ ಚೀಟಿ ತೋರಿಸಿ ಅಂದರೆ ಸಾಕಲ್ವಾ?

ಕರೆಗಂಟೆ

ಅದೊಂದನ್ನೇ ನಂಬೋಕೆ ಆಗಲ್ಲ. ಮುಖವನ್ನೂ ಚೀಟಿಯನ್ನೂ ನಕಲು ಮಾಡಬಹುದು. ವಿಡಿಯೋ ಜೊತೆ ಮ್ಯಾನೇಜರ್ ಒಪ್ಪಿಗೆಯೂ ಇರಲಿ, ಅದು ಮ್ಯಾನೇಜರ್‌ನ ಸ್ವಂತ ಲಾಗಿನ್‌ನಿಂದ ಟಿಕೆಟ್‌ನಲ್ಲೇ ಬರಲಿ. ಚಾಟ್‌ನಲ್ಲಿ "ಓಕೆ" ಅಂದರೆ ಆಗಲ್ಲ.

ಬಡಗಿಪೆಟ್ಟಿಗೆ

ಸ್ವಲ್ಪ ವಿಷಯಾಂತರ. ಶೀರ್ಷಿಕೆಯಲ್ಲಿ "ಕನ್ನ" ಅಂತ ಹಾಕಿದ್ದು ನೋಡಿ ಖುಷಿಯಾಯ್ತು. ಪತ್ರಿಕೆಗಳು ಎಲ್ಲದಕ್ಕೂ "ದತ್ತಾಂಶ ಸೋರಿಕೆ" ಅಂತ ಬರೆಯುತ್ವೆ. ಸೋರಿಕೆ ಅಂದರೆ ತಾನಾಗಿ ಸೋರಿದ್ದು. ಕನ್ನ ಅಂದರೆ ಯಾರೋ ಗೋಡೆ ಕೊರೆದು ಬಂದಿದ್ದು.

ದಾಖಲೆಪತ್ರ

ವಿಷಯಾಂತರ ಏನಲ್ಲ ಅದು, ಕೆಲಸಕ್ಕೆ ಬರೋ ಭೇದ. ಬೀಗ ಹಾಕದೆ ಬಿಟ್ಟ ಕ್ಲೌಡ್ ಬಕೆಟ್ (ಇಂಟರ್‌ನೆಟ್‌ನಲ್ಲಿರೋ ಫೈಲ್ ಉಗ್ರಾಣ) ಸೋರಿಕೆ. ಮೇಲಿನ ಕ್ಯಾಸಿನೊ ಪ್ರಕರಣ ಕನ್ನ. ಮೊದಲನೆಯದಕ್ಕೆ ನಿಮ್ಮ ಎಲ್ಲ ಬಕೆಟ್‌ಗಳ ಅನುಮತಿ ನೋಡಿದರೆ ಅರ್ಧ ಕೆಲಸ ಮುಗೀತು. ಎರಡನೆಯದು ಬೇರೆಯೇ ಹಾದಿ. ಸುದ್ದಿ ಓದುವಾಗ ಮೊದಲು ಕೇಳಬೇಕಾದ್ದೇ ಇದು, ಯಾವ ಜಾತಿಯದು ಅಂತ.

ಸರಪಳಿಕೊಂಡಿ

ಮೂರನೇ ಜಾತಿಯೂ ಇದೆ, ಪಕ್ಕದ ಬಾಗಿಲಿಂದ ಬಂದಿದ್ದು. ಪ್ರತಿಸ್ಪರ್ಧಿಗಳು ಅಂದರೆ ಒಂದೇ ಕೆಲಸ ಮಾಡೋರು, ಹಾಗಾಗಿ ಒಂದೇ ವೆಂಡರ್‌ಗಳ ಹತ್ತಿರ ಹೋಗಿರ್ತಾರೆ. ಡೇಟಾ ಇಡೋ ಕ್ಲೌಡ್ ಸೇವೆ ಸ್ನೋಫ್ಲೇಕ್‌ನ 2024ರ ಪ್ರಕರಣದಲ್ಲಿ ಸುಮಾರು 165 ಗ್ರಾಹಕ ಸಂಸ್ಥೆಗಳಿಗೆ ಎಚ್ಚರಿಕೆ ಹೋಯ್ತು. ಸ್ನೋಫ್ಲೇಕ್‌ನ ಗೋಡೆಯನ್ನ ಯಾರೂ ಒಡೆದಿರಲಿಲ್ಲ. ಕದ್ದ ಪಾಸ್‌ವರ್ಡ್, ಎರಡನೇ ಹಂತ ಇಲ್ಲದ ಖಾತೆ, ಅಷ್ಟೇ. ಕೆಲವು ಪಾಸ್‌ವರ್ಡ್ 2020ರಲ್ಲೇ ಕಳವಾಗಿದ್ದವು, ನಾಲ್ಕು ವರ್ಷ ಬದಲಾಗಿರಲೇ ಇಲ್ಲ.

ಆ ಕಂಪನಿ ಯಾವ ವೆಂಡರ್ ಬಳಸುತ್ತೆ ಅಂತ ತಿಳಿಯೋಕೆ ಕಳ್ಳದಾರಿ ಬೇಡ. ಅವರ ಉದ್ಯೋಗ ಜಾಹೀರಾತು ಓದಿ, ಯಾವ ಉಪಕರಣ ಗೊತ್ತಿರಬೇಕು ಅಂತ ಬರೆದಿರ್ತಾರೆ. ವೆಂಡರ್‌ಗಳ ಜಾಲತಾಣದ "ನಮ್ಮ ಗ್ರಾಹಕರು" ಪುಟ ನೋಡಿ. ಅವರ ಡೊಮೇನ್‌ನ ಡಿಎನ್‌ಎಸ್ ಟೆಕ್ಸ್ಟ್ ದಾಖಲೆ ಸಾರ್ವಜನಿಕ, ಮೇಲ್ ಕಳಿಸೋ ಸೇವೆಗಳು, ಪರಿಶೀಲನೆಗೆ ಹಾಕಿದ ಸೇವೆಗಳು ಅದರಲ್ಲಿ ಕಾಣುತ್ವೆ. ಅಲ್ಲಿಗೆ ನಿಲ್ಲಿಸಿ. ಅವರ ಸರ್ವರ್‌ಗಳನ್ನ ಸ್ಕ್ಯಾನ್ ಮಾಡೋಕೆ ಹೋಗಬೇಡಿ, ಅದು ಕಾನೂನಿಗೂ ವಿರುದ್ಧ ಆಗಬಹುದು, ಗಾಯದ ಮೇಲೆ ಬರೆ ಎಳೆದ ಹಾಗೂ ಆಗುತ್ತೆ.

ಅವರ ಪಟ್ಟಿ, ನಿಮ್ಮ ಪಟ್ಟಿ ಎರಡರಲ್ಲೂ ಇರೋ ವೆಂಡರ್‌ಗಳಿಗೆ ಅವತ್ತೇ ಮೇಲ್ ಕಳಿಸಿ. ಮುನ್ನೂರು ಪ್ರಶ್ನೆಯ ಎಕ್ಸೆಲ್ ಬೇಡ, ಅದನ್ನ ಅವರ ಮಾರಾಟ ವಿಭಾಗ ಹಳೇ ಉತ್ತರ ಅಂಟಿಸಿ ಕಳಿಸುತ್ತೆ. ಐದು ಸಾಕು: ನಿಮ್ಮಲ್ಲಿ ತನಿಖೆ ನಡೀತಿದೆಯಾ? ನಮ್ಮ ಡೇಟಾ ಯಾವ ವ್ಯವಸ್ಥೆಯಲ್ಲಿದೆ? ಅದಕ್ಕೆ ನಿಮ್ಮ ಯಾವ ಖಾತೆಗಳು ಹೊಕ್ಕಬಲ್ಲವು, ಎಲ್ಲದಕ್ಕೂ ಎರಡನೇ ಹಂತ ಇದೆಯಾ? ನಮ್ಮ ವ್ಯವಸ್ಥೆಗೆ ಬರೋಕೆ ನಿಮ್ಮಲ್ಲಿರೋ ಟೋಕನ್‌ಗಳನ್ನ (ಪಾಸ್‌ವರ್ಡ್ ಬದಲು ಯಂತ್ರಗಳು ಬಳಸೋ ಕೀಲಿ) ಕೊನೆಗೆ ಬದಲಿಸಿದ್ದು ಯಾವಾಗ? ರಾತ್ರಿ ಎರಡಕ್ಕೆ ಫೋನ್ ಎತ್ತೋರು ಯಾರು?

ಉತ್ತರಕ್ಕೆ ಕಾಯ್ತಾ ಕೂರಬೇಡಿ. ನಿಮ್ಮ ಕಡೆಯಿಂದ ಅವರ ಖಾತೆಯ ಅನುಮತಿ ಇಳಿಸೋಕೆ ಅವರ ಒಪ್ಪಿಗೆ ಬೇಕಿಲ್ಲ. ಅಮೆರಿಕದ ಅಂಗಡಿ ಸರಣಿ ಟಾರ್ಗೆಟ್‌ಗೆ 2013ರಲ್ಲಿ ಕನ್ನ ಬಿದ್ದಿದ್ದು ಹವಾನಿಯಂತ್ರಣ ಗುತ್ತಿಗೆದಾರನ ಲಾಗಿನ್‌ನಿಂದ. ಆ ಲಾಗಿನ್‌ನಿಂದ ಹೊರಟವರು ಕಾರ್ಡ್ ಉಜ್ಜೋ ಯಂತ್ರಗಳವರೆಗೂ ಹೋದರು, ನಡುವೆ ತಡೆಯೋ ಗೋಡೆ ಇರಲಿಲ್ಲ.

ಅಳತೆಗೋಲು

ಟಾರ್ಗೆಟ್ ಹೆಸರು ಬಂತಲ್ಲ, ಅಲ್ಲಿನದೇ ಇನ್ನೊಂದು ಅಂಗಡಿ ಸರಣಿ ಹೋಮ್ ಡಿಪೋ ಕಥೆ ಹೇಳಲೇಬೇಕು. ಈ ಚರ್ಚೆಯ ಪ್ರಶ್ನೆಗೆ ಅದಕ್ಕಿಂತ ನೇರ ಉತ್ತರ ಇಲ್ಲ.

ಟಾರ್ಗೆಟ್ ಕನ್ನವನ್ನ ಖಚಿತಪಡಿಸಿದ್ದು 2013ರ ಡಿಸೆಂಬರ್ 19. 40 ಮಿಲಿಯನ್ ಕಾರ್ಡ್. ಹೋಮ್ ಡಿಪೋ ಕೈಕಟ್ಟಿ ಕೂರಲಿಲ್ಲ, 2014ರ ಜನವರಿಯಲ್ಲೇ ಅಂಗಡಿಗಳಲ್ಲಿ ಕಾರ್ಡ್ ವಿವರ ಗೂಢಲಿಪಿ ಮಾಡೋ ಯೋಜನೆ ಶುರು ಮಾಡಿತು. ಸರಿಯಾದ ತೀರ್ಮಾನ. ಆದರೆ ಅಮೆರಿಕದ ಎಲ್ಲ ಅಂಗಡಿಗಳಲ್ಲಿ ಮುಗಿದಿದ್ದು ಸೆಪ್ಟೆಂಬರ್ 13ಕ್ಕೆ. ಕಳ್ಳರು ಏಪ್ರಿಲ್‌ನಲ್ಲೇ ಬಂದಿದ್ದರು. ವೆಂಡರ್ ಒಬ್ಬರ ಲಾಗಿನ್, ಕ್ಯಾಶ್ ಯಂತ್ರದ ಮೆಮೊರಿಯಿಂದ ಕಾರ್ಡ್ ಹೆಕ್ಕೋ ಮಾಲ್‌ವೇರ್, ದಾರಿ ಬಹುತೇಕ ಅದೇ. 56 ಮಿಲಿಯನ್ ಕಾರ್ಡ್ ಹೋಯ್ತು, ಟಾರ್ಗೆಟ್‌ಗಿಂತ ಹೆಚ್ಚು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಪಕ್ಕದ ಕೋಟೆ ಸೂರೆಯಾದಾಗಲೇ ಬಾಗಿಲು ಮಾಡೋಕೆ ಬಡಗಿಗೆ ಹೇಳಿದ್ದರು. ಬಾಗಿಲು ಬರೋವರೆಗೆ ಅಡ್ಡ ಇಡೋಕೆ ಒಂದು ಮರದ ದಿಮ್ಮಿ ಇರಲಿಲ್ಲ.

ಅದಕ್ಕೇ ಅಪಾಯ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಎರಡು ದಿನಾಂಕ ಬೇಕು. ಶಾಶ್ವತ ಪರಿಹಾರ ಯಾವಾಗ, ಅಲ್ಲಿಯವರೆಗಿನ ತಾತ್ಕಾಲಿಕ ತಡೆ ಯಾವಾಗ. ಎಂಟು ತಿಂಗಳ ಯೋಜನೆಗೆ ಮೊದಲ ವಾರದ ತಡೆ ಏನು? ವೆಂಡರ್ ಲಾಗಿನ್‌ಗೆ ಎರಡನೇ ಹಂತ, ಕ್ಯಾಶ್ ಯಂತ್ರಗಳ ಜಾಲ ಬೇರೆ ಮಾಡೋದು, ಅವುಗಳ ಮೇಲೆ ಗೊತ್ತಿರೋ ಪ್ರೋಗ್ರಾಂ ಬಿಟ್ಟು ಬೇರೇನೂ ಓಡದ ಹಾಗೆ ಕಟ್ಟುಹಾಕೋದು. ಇವು ವಾರಗಳ ಕೆಲಸ.

ಕೆಂಪು-ಹಳದಿ-ಹಸಿರು ಚೌಕದ ನಕ್ಷೆಯನ್ನಂತೂ ಬಿಟ್ಟುಬಿಡಿ. ಪ್ರತಿಸ್ಪರ್ಧಿಗೆ ಹೊಡೆತ ಬಿದ್ದ ಕೂಡಲೇ ಹಳದಿ ಕೆಂಪಾಗುತ್ತೆ, ಮೂರು ತಿಂಗಳಿಗೆ ಯಾರೂ ಏನೂ ಮಾಡದಿದ್ದರೂ ಮತ್ತೆ ಹಳದಿ. ಬದಲಿಗೆ ಹೀಗೆ ಬರೆಯಿರಿ: ಈ ದಾರಿಯಲ್ಲಿ ಬಂದರೆ ಎಷ್ಟು ದಿನ ವ್ಯವಹಾರ ನಿಲ್ಲುತ್ತೆ, ಕಡಿಮೆ ಎಂದರೆ ಎಷ್ಟು, ಹೆಚ್ಚೆಂದರೆ ಎಷ್ಟು, ದಿನಕ್ಕೆ ನಷ್ಟ ಎಷ್ಟು.

ತೆರೆದಕಿಟಕಿ

ಆ ಅಂಕಿ ಎಲ್ಲಿಂದ ತರೋದು? ಊಹೆ ತಾನೇ?

ಅಳತೆಗೋಲು

ಪ್ರತಿಸ್ಪರ್ಧಿಯೇ ಕೊಡ್ತಾರೆ. ಅಮೆರಿಕದ ಷೇರು ಪೇಟೆಯಲ್ಲಿರೋ ಕಂಪನಿ ಆದರೆ, ಘಟನೆ ಗಣನೀಯ ಅಂತ ತೀರ್ಮಾನಿಸಿದ ನಾಲ್ಕು ಕೆಲಸದ ದಿನದೊಳಗೆ 8-ಕೆ ವರದಿ (ಹೂಡಿಕೆದಾರರಿಗೆ ಕೊಡೋ ತುರ್ತು ಮಾಹಿತಿ) ಸಲ್ಲಿಸಬೇಕು, 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಆಮೇಲಿನ ತ್ರೈಮಾಸಿಕ ವರದಿಯಲ್ಲಿ ಹಣದ ಲೆಕ್ಕ ಬರುತ್ತೆ. ಎಂಜಿಎಂ ಸುಮಾರು 100 ಮಿಲಿಯನ್ ಡಾಲರ್ ಹೊಡೆತ ಅಂತ ಹೇಳಿತು. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಸುಮಾರು 300 ಮಿಲಿಯನ್ ಪೌಂಡ್ ಕಾರ್ಯಾಚರಣಾ ಲಾಭ ಹೋಗಬಹುದು ಅಂತ ಅಂದಾಜಿಸಿತು. ನಿಮ್ಮ ವಹಿವಾಟು ಅವರ ಎಷ್ಟನೇ ಒಂದು ಪಾಲು ನೋಡಿ ಅಳೆಯಿರಿ. ಊಹೆಯೇ, ಆದರೆ ಬುಡ ಇರೋ ಊಹೆ.

ಹೊಸಬೇಲಿ

ಪಾಸ್‌ವರ್ಡ್ ಸುತ್ತೋಲೆ, ಐಪಿ ಪಟ್ಟಿ ಬಗ್ಗೆ ಯಾರೂ ಹೇಳಲಿಲ್ಲ. ಪೂರ್ತಿ ವ್ಯರ್ಥವೇ?

ಲಾಗ್_ಓದುಗ

ಐಪಿ ಪಟ್ಟಿಯನ್ನ ತಡೆಯೋಕಿಂತ ಹುಡುಕೋಕೆ ಬಳಸಿ. ಹಳೇ ಲಾಗ್‌ನಲ್ಲಿ ಆ ವಿಳಾಸಗಳು ಬಂದಿವೆಯಾ ನೋಡಿ. ಭದ್ರತಾ ತಜ್ಞ ಡೇವಿಡ್ ಬಿಯಾಂಕೊ 2013ರಲ್ಲಿ ಬರೆದ "ನೋವಿನ ಪಿರಮಿಡ್" ಹೇಳೋದು ಇದನ್ನೇ: ಹ್ಯಾಶ್ (ಫೈಲ್ ಅಥವಾ ಪಾಸ್‌ವರ್ಡ್‌ನಿಂದ ಲೆಕ್ಕಹಾಕಿದ ಗುರುತು), ಐಪಿ ಬದಲಿಸೋದು ದಾಳಿಕೋರರಿಗೆ ನಿಮಿಷದ ಕೆಲಸ, ನಡೆದುಕೊಳ್ಳೋ ರೀತಿ ಬದಲಿಸೋದು ಕಷ್ಟ. ಹಂಚಿಕೆಯ ಕ್ಲೌಡ್ ವಿಳಾಸಗಳನ್ನ ಕಣ್ಣುಮುಚ್ಚಿ ಬ್ಲಾಕ್ ಮಾಡಿದರೆ ನಿಮ್ಮದೇ ಗ್ರಾಹಕರ ಸೇವೆ ನಿಲ್ಲುತ್ತೆ.

ಮೂಲಬೇರು

ಪಾಸ್‌ವರ್ಡ್ ಬಗ್ಗೆ ನಾನು ಹೇಳ್ತೀನಿ. ಎಲ್ಲ ನೌಕರರ ಪಾಸ್‌ವರ್ಡ್ ಬದಲಿಸೋ ಸುತ್ತೋಲೆಯಿಂದ ಬರೋ ಫಲ ಕಡಿಮೆ, ಹೆಲ್ಪ್ ಡೆಸ್ಕ್‌ಗೆ ಸಾವಿರ ಕರೆ ಬರುತ್ತೆ, ಆ ಗದ್ದಲದಲ್ಲಿ ನಕಲಿ ಕರೆಯೂ ನುಸುಳುತ್ತೆ. ಬದಲಿಸಬೇಕಾದ್ದು ಮನುಷ್ಯರು ಟೈಪ್ ಮಾಡದ ಪಾಸ್‌ವರ್ಡ್‌ಗಳನ್ನ: ಪ್ರೋಗ್ರಾಂಗಳು ತಾವೇ ಲಾಗಿನ್ ಆಗೋ ಸರ್ವೀಸ್ ಖಾತೆ, ಎಪಿಐ ಕೀ, ಟೋಕನ್.

ಅದನ್ನೂ ಅರ್ಧ ಮಾಡಿದರೆ ಏನಾಗುತ್ತೆ ಅಂತ ನೋಡಿ. 2023ರ ಅಕ್ಟೋಬರ್‌ನಲ್ಲಿ ಓಕ್ಟಾದ ಗ್ರಾಹಕ ಬೆಂಬಲ ವ್ಯವಸ್ಥೆಗೆ ಕನ್ನ ಬಿತ್ತು. ಅದರ ಗ್ರಾಹಕ ಕ್ಲೌಡ್‌ಫ್ಲೇರ್ ಬೇಗ ಪತ್ತೆ ಮಾಡಿತು, ಬಯಲಾದ ಕೀಲಿಗಳನ್ನ ಬದಲಿಸಿತು. ಆದರೆ ಒಂದು ಟೋಕನ್, ಮೂರು ಸರ್ವೀಸ್ ಖಾತೆ ಬಳಕೆಯಲ್ಲಿಲ್ಲ ಅಂದುಕೊಂಡು ಬಿಟ್ಟರು. ನವೆಂಬರ್ ಮಧ್ಯದಲ್ಲಿ ದಾಳಿಕೋರರು ಆ ನಾಲ್ಕನ್ನೇ ಹಿಡಿದು ಅವರ ಅಟ್ಲಾಸಿಯನ್ ವ್ಯವಸ್ಥೆಯೊಳಗೆ (ಒಳಗಿನ ದಾಖಲೆ, ಟಿಕೆಟ್ ಇಡೋ ಜಾಗ) ಬಂದರು. ಕೊನೆಗೆ 5,000ಕ್ಕೂ ಹೆಚ್ಚು ಕೀಲಿ ಬದಲಿಸಬೇಕಾಯ್ತು. ಬಳಕೆಯಲ್ಲಿಲ್ಲ ಅನ್ನಿಸಿದ ಕೀಲಿಯನ್ನ ಅಳಿಸಬೇಕು. ಅಳಿಸೋಕೆ ಭಯ ಆದರೆ ಅದು ಬಳಕೆಯಲ್ಲಿದೆ ಅಂತಲೇ ಲೆಕ್ಕ, ಬದಲಿಸಿ.

ಇನ್ನೆರಡು ಕಡೆ ತಪ್ಪುತ್ತೆ. ಪಾಸ್‌ವರ್ಡ್ ಬದಲಿಸಿ ಸೆಷನ್ ರದ್ದು ಮಾಡೋದಿಲ್ಲ, ಕದ್ದ ಕುಕಿ (ಲಾಗಿನ್ ಆಗಿದ್ದಾರೆ ಅನ್ನೋ ಬ್ರೌಸರ್ ಗುರುತು) ಕೆಲಸ ಮಾಡ್ತಾನೇ ಇರುತ್ತೆ. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ (ವಿಂಡೋಸ್ ಖಾತೆಗಳ ಕೇಂದ್ರ) ಲಾಗಿನ್ ಟಿಕೆಟ್‌ಗಳನ್ನ ಭದ್ರಪಡಿಸೋ ಕೆಆರ್‌ಬಿಟಿಜಿಟಿ ಖಾತೆಯ ಪಾಸ್‌ವರ್ಡ್ ಒಂದೇ ಸಲ ಬದಲಿಸ್ತಾರೆ. ಅದು ಹಿಂದಿನ ಪಾಸ್‌ವರ್ಡನ್ನೂ ನೆನಪಿಟ್ಟಿರುತ್ತೆ, ಹಾಗಾಗಿ ಎರಡು ಸಲ ಬದಲಿಸಬೇಕು. ನಡುವೆ ಆ ಲಾಗಿನ್ ಟಿಕೆಟ್ ಅವಧಿ, ಅಂದರೆ ಡೀಫಾಲ್ಟ್ 10 ಗಂಟೆ, ಮುಗಿಯೋಕೆ ಬಿಡಬೇಕು. ಆತುರಕ್ಕೆ ಎರಡನ್ನೂ ಒಟ್ಟಿಗೆ ಮಾಡಿದರೆ ಓಡ್ತಿರೋ ಸೇವೆಗಳು ನೆಲಕ್ಕೆ ಬೀಳುತ್ತೆ.

ಬ್ಯಾಕಪ್ ಬಗ್ಗೆ ಒಂದೇ ಮಾತು. ಬ್ಯಾಕಪ್ ಸರ್ವರ್ ನಿಮ್ಮ ವಿಂಡೋಸ್ ಡೊಮೇನ್‌ಗೇ ಸೇರಿದ್ದರೆ, ಡೊಮೇನ್ ಅಡ್ಮಿನ್ ಆದವನು ಅದನ್ನೂ ಅಳಿಸ್ತಾನೆ. 2017ರ ನಾಟ್‌ಪೆಟ್ಯಾ ಮಾಲ್‌ವೇರ್ ದಾಳಿಯಲ್ಲಿ ಹಡಗು ಕಂಪನಿ ಮೇರ್ಸ್ಕ್‌ಗೆ ಉಳಿದ ಒಂದೇ ಡೊಮೇನ್ ಕಂಟ್ರೋಲರ್ (ಎಲ್ಲ ಖಾತೆಗಳ ದಾಖಲೆ ಇರೋ ಸರ್ವರ್) ಘಾನಾದಲ್ಲಿತ್ತು, ಅಲ್ಲಿ ಕರೆಂಟ್ ಹೋಗಿದ್ದರಿಂದ ಬದುಕಿತ್ತು. 4,000 ಸರ್ವರ್, 45,000 ಪಿಸಿ ಹತ್ತು ದಿನದಲ್ಲಿ ಮತ್ತೆ ಕಟ್ಟಿದರು. ಅದೃಷ್ಟದ ಮೇಲೆ ಯೋಜನೆ ನಿಲ್ಲಿಸೋಕಾಗಲ್ಲ. ಆ ವಾರವೇ ಒಂದು ಮುಖ್ಯ ವ್ಯವಸ್ಥೆಯನ್ನ ಬ್ಯಾಕಪ್‌ನಿಂದ ಪ್ರತ್ಯೇಕ ಜಾಲದಲ್ಲಿ ಎಬ್ಬಿಸಿ, ಗಡಿಯಾರ ಹಿಡಿದು ಅಳೆಯಿರಿ.

ಬಡಗಿಪೆಟ್ಟಿಗೆ

ಗ್ರಾಹಕರ ಕಡೆಯ ಅಪಾಯ ಬಿಟ್ಟುಹೋಗಿದೆ. ಎರಡೂ ಕಂಪನಿಯಲ್ಲಿ ಖಾತೆ ಇರೋ ಗ್ರಾಹಕರು ಬಹಳ, ಅದರಲ್ಲಿ ಹಲವರ ಪಾಸ್‌ವರ್ಡ್ ಒಂದೇ. ಅಲ್ಲಿ ಕದ್ದ ಪಟ್ಟಿಯನ್ನ ಇಲ್ಲಿ ಯಂತ್ರದಿಂದ ತುಂಬಿ ನೋಡ್ತಾರೆ. ಲಾಗಿನ್ ವೈಫಲ್ಯದ ಮಾಮೂಲಿ ಪ್ರಮಾಣ ಎಷ್ಟು ಅಂತ ಇವತ್ತೇ ಬರೆದಿಟ್ಟುಕೊಳ್ಳಿ, ನಾಳೆ ಏರಿದರೆ ಗೊತ್ತಾಗಬೇಕು. ಒಂದೊಂದು ಐಪಿಯಿಂದ ಒಂದೆರಡೇ ಪ್ರಯತ್ನ ಬರುತ್ತೆ, ಹಾಗಾಗಿ ಐಪಿ ಮಿತಿಯೊಂದೇ ಹಿಡಿಯಲ್ಲ.

ಕದ್ದ ಡೇಟಾವನ್ನ ಮಾತ್ರ ಇಳಿಸಿಕೊಳ್ಳಬೇಡಿ. ಪ್ರತಿಸ್ಪರ್ಧಿಯ ಗ್ರಾಹಕರ ಪಟ್ಟಿ ನಿಮ್ಮ ಸರ್ವರ್‌ನಲ್ಲಿದ್ದರೆ ವಿವರಣೆ ಕೊಡೋಕೆ ಆಗಲ್ಲ. ಸೋರಿದ ಪಾಸ್‌ವರ್ಡ್ ಪರೀಕ್ಷೆಗೆ ಪ್ವೋನ್ಡ್ ಪಾಸ್‌ವರ್ಡ್ಸ್ ಸೇವೆ ಇದೆ, ಹ್ಯಾಶ್‌ನ ಮೊದಲ ಐದು ಅಕ್ಷರ ಮಾತ್ರ ಕಳಿಸಿದರೆ ಸಾಕು, ಪೂರ್ತಿ ಪಾಸ್‌ವರ್ಡ್ ಹೊರಗೆ ಹೋಗಲ್ಲ.

ಇನ್ನೊಂದು: ಅಲ್ಲಿಂದ ಹೆದರಿ ಇಲ್ಲಿಗೆ ಬರೋ ಹೊಸ ಗ್ರಾಹಕರು. ಮಾರಾಟದವರು ಸಂಭ್ರಮದಲ್ಲಿ ಪರಿಶೀಲನೆ ಸಡಿಲಿಸ್ತಾರೆ. ಅದೇ ಕದ್ದ ವಿವರ ಬಳಸಿ ನಕಲಿ ಖಾತೆ ತೆರೆಯೋರಿಗೆ ಅದಕ್ಕಿಂತ ಒಳ್ಳೆ ಹೊತ್ತು ಬೇಕಾ?

ದಾಖಲೆಪತ್ರ

ಮಾರಾಟದವರಿಗೆ ಇನ್ನೊಂದು ಕಟ್ಟಪ್ಪಣೆ ಬೇಕು: "ನಮ್ಮಲ್ಲಿ ಹೀಗಾಗಲ್ಲ" ಅಂತ ಎಲ್ಲೂ ಬರೆಯೋ ಹಾಗಿಲ್ಲ. ಸಭ್ಯತೆಯ ಮಾತು ಇರಲಿ, ಅದು ಕಾನೂನಿನ ತೊಡಕು. ಸೋಲಾರ್‌ವಿಂಡ್ಸ್ ಸಾಫ್ಟ್‌ವೇರ್ ಮೂಲಕ ನಡೆದ ಕನ್ನದ ನಂತರ ಐಟಿ ಕಂಪನಿ ಯೂನಿಸಿಸ್, ತನಗೆ ಕನ್ನ ಬಿದ್ದಿದ್ದು ಗೊತ್ತಿದ್ದೂ, ಹೂಡಿಕೆದಾರರಿಗೆ ಕೊಟ್ಟ ವರದಿಯಲ್ಲಿ ಅಪಾಯವನ್ನ "ಆಗಬಹುದು" ಅನ್ನೋ ಥರ ಬರೆದಿತ್ತು ಅಂತ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಆರೋಪಿಸಿತು, 2024ರ ಅಕ್ಟೋಬರ್‌ನಲ್ಲಿ 4 ಮಿಲಿಯನ್ ಡಾಲರ್ ದಂಡ. ಹುಡುಕಾಟ ಮುಗಿಯೋ ಮುಂಚೆ "ನಮಗೇನೂ ಆಗಿಲ್ಲ" ಅನ್ನಬೇಡಿ. "ಇಂಥ ದಿನದವರೆಗಿನ ಲಾಗ್‌ನಲ್ಲಿ ಕುರುಹು ಸಿಕ್ಕಿಲ್ಲ" ಅನ್ನಿ, ಅದು ನಿಜ.

ಸರಪಳಿಕೊಂಡಿ

ಆ ಕಂಪನಿಯ ಭದ್ರತಾ ತಂಡವನ್ನೇ ನೇರವಾಗಿ ಕೇಳಬಹುದಾ? ಪ್ರತಿಸ್ಪರ್ಧಿಗಳು ಮಾತಾಡಿದರೆ ಸ್ಪರ್ಧಾ ಕಾನೂನು ಅಡ್ಡಿ ಅಂತ ಕಾನೂನು ವಿಭಾಗದವರು ಹೆದರಿಸ್ತಾರೆ.

ದಾಖಲೆಪತ್ರ

ಬೆಲೆ, ಗ್ರಾಹಕರು, ಒಪ್ಪಂದ, ಇವುಗಳ ಮಾತು ಬೇಡ. ದಾಳಿಯ ಕುರುಹು ಹಂಚಿಕೊಳ್ಳಬಹುದು. ಅಮೆರಿಕದ ನ್ಯಾಯ ಇಲಾಖೆ ಮತ್ತು ವ್ಯಾಪಾರ ಆಯೋಗ ಎಫ್‌ಟಿಸಿ 2014ರಲ್ಲೇ ಸೈಬರ್ ಬೆದರಿಕೆಯ ಮಾಹಿತಿ ಹಂಚಿಕೆ ಸ್ಪರ್ಧಾ ಕಾನೂನಿಗೆ ತೊಡಕಾಗೋ ಸಂಭವ ಇಲ್ಲ ಅಂತ ಹೇಳಿಕೆ ಕೊಟ್ಟಿವೆ. ಕ್ಷೇತ್ರದ ಮಾಹಿತಿ ಹಂಚಿಕೆ ಕೇಂದ್ರದ ಮೂಲಕ ಹೋದರೆ ಇನ್ನೂ ಸಲೀಸು. ಬಂದ ಮಾಹಿತಿಯ ಮೇಲೆ ಟಿಎಲ್‌ಪಿ ಬಣ್ಣ (ಯಾರ ಜೊತೆ ಹಂಚಬಹುದು ಅನ್ನೋ ಗುರುತು) ನೋಡಿ. ಕೆಂಪು ಅಂದರೆ ಕೇಳಿದವರಲ್ಲೇ ಉಳೀಬೇಕು, ಮಂಡಳಿಯ ಸ್ಲೈಡ್‌ಗೂ ಹಾಕೋ ಹಾಗಿಲ್ಲ. ಆ್ಯಂಬರ್-ಸ್ಟ್ರಿಕ್ಟ್ ಅಂದರೆ ನಿಮ್ಮ ಸಂಸ್ಥೆಯೊಳಗೆ ಮಾತ್ರ, ವೆಂಡರ್‌ಗೂ ಕೊಡಬೇಡಿ.

ಹಂಚಿಕೊಳ್ಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಬ್ಯಾಂಕುಗಳನ್ನ ನೋಡಿ. ಈಕ್ವೆಡಾರ್‌ನ ಬ್ಯಾಂಕೊ ದೆಲ್ ಆಸ್ಟ್ರೊದಿಂದ 2015ರ ಜನವರಿಯಲ್ಲಿ ಸ್ವಿಫ್ಟ್ (ಬ್ಯಾಂಕುಗಳು ಹಣ ವರ್ಗಾವಣೆಗೆ ಬಳಸೋ ಜಾಲ) ಸಂದೇಶಗಳ ಮೂಲಕ ಸುಮಾರು 12 ಮಿಲಿಯನ್ ಡಾಲರ್ ಹೋಗಿತ್ತು. ಸ್ವಿಫ್ಟ್‌ಗೆ ತಿಳಿಸಿರಲಿಲ್ಲ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶ ಬ್ಯಾಂಕ್‌ನಿಂದ ಅದೇ ಸ್ವಿಫ್ಟ್ ದಾರಿಯಲ್ಲಿ 81 ಮಿಲಿಯನ್ ಡಾಲರ್ ಹೋಯ್ತು. ಅಲ್ಲಿ ಮಾಲ್‌ವೇರ್ ವಹಿವಾಟಿನ ದೃಢೀಕರಣ ಮುದ್ರಣವಾಗದ ಹಾಗೆ ನೋಡಿಕೊಂಡಿತ್ತು. ನಡುವೆ ಒಂದು ವರ್ಷಕ್ಕೂ ಹೆಚ್ಚು ಸಮಯ ಇತ್ತು.

ಹೊಸಬೇಲಿ

ಕರಡು ಹಾಕ್ತಿದ್ದೀನಿ. ಮಂಡಳಿಗೆ ಒಂದು ಪುಟ:

"ಪ್ರತಿಸ್ಪರ್ಧಿಯಲ್ಲಿ ನಡೆದ ಘಟನೆಯ ಬಗ್ಗೆ ಖಚಿತವಾಗಿ ತಿಳಿದಿರುವುದು: … ಇನ್ನೂ ತಿಳಿಯದಿರುವುದು: …
ಆ ದಾರಿ ನಮ್ಮಲ್ಲಿ ಇದೆಯೇ: ಹೌದು / ಇಲ್ಲ / ಗೊತ್ತಿಲ್ಲ. 'ಗೊತ್ತಿಲ್ಲ' ಎಂಬ ಪ್ರತಿಯೊಂದಕ್ಕೂ ಹೊಣೆ ಹೊತ್ತವರು, ದಿನಾಂಕ.
90 ದಿನದ ಹುಡುಕಾಟ: ಯಾವ ಲಾಗ್ ನೋಡಿದೆವು, ಯಾವುದು ಲಭ್ಯವಿರಲಿಲ್ಲ.
ಈ ವಾರದ ತಾತ್ಕಾಲಿಕ ತಡೆಗಳು: ಹೆಲ್ಪ್ ಡೆಸ್ಕ್ ನಿಯಮ, ವೆಂಡರ್ ಲಾಗಿನ್, ಅಡ್ಮಿನ್ ಕೀಲಿ.
ಶಾಶ್ವತ ಪರಿಹಾರ, ದಿನಾಂಕ, ವೆಚ್ಚ.
ಹೀಗೇ ಆದರೆ ವ್ಯವಹಾರ ನಿಲ್ಲುವ ದಿನಗಳು: ಕನಿಷ್ಠ – ಗರಿಷ್ಠ."

ಅಳತೆಗೋಲು

"ಇಲ್ಲ" ಅನ್ನೋದಕ್ಕೂ ಪುರಾವೆ ಕಾಲಂ ಹಾಕಿ. ಈಕ್ವಿಫ್ಯಾಕ್ಸ್‌ನ ಸ್ಕ್ಯಾನ್ ಕೊಟ್ಟಿದ್ದೂ "ಇಲ್ಲ" ಅನ್ನೋ ಉತ್ತರವನ್ನೇ.

ಮೂಲಬೇರು

ಕೊನೆ ಸಾಲಿನ ಪಕ್ಕ ಬ್ಯಾಕಪ್ ಎಬ್ಬಿಸಿದ ಪರೀಕ್ಷೆಯ ಗಂಟೆಗಳನ್ನ ಬರೆಯಿರಿ. ಪರೀಕ್ಷೆ ಮಾಡಿಲ್ಲ ಅಂದರೆ "ಮಾಡಿಲ್ಲ" ಅಂತಲೇ ಬರೆಯಿರಿ.

ಕರೆಗಂಟೆ

ಮಂಡಳಿಯಿಂದ ಒಂದು ತೀರ್ಮಾನ ಕೇಳೋ ಸಾಲು ಇಲ್ಲ. ಕೋ-ಆಪ್ ತನ್ನ ವ್ಯವಸ್ಥೆಯ ಕೆಲವು ಭಾಗಗಳನ್ನ ತಾನೇ ಮುಂಚಿತವಾಗಿ ಬಂದ್ ಮಾಡಿತು. 6.5 ಮಿಲಿಯನ್ ಸದಸ್ಯರ ವಿವರ ಹೋಗಿದ್ದು ತಡೆಯಲಾಗಲಿಲ್ಲ, ಆದರೆ ರಾನ್ಸಮ್‌ವೇರ್ ಹರಡೋ ಮುಂಚೆ ದಾರಿ ಕಡಿದರು. ನಿಮ್ಮಲ್ಲಿ ರಾತ್ರಿ ಎರಡಕ್ಕೆ ಜಾಲದ ಸಂಪರ್ಕ ಕಡಿಯೋ ಅಧಿಕಾರ ಯಾರಿಗಿದೆ? ಡ್ಯೂಟಿಯಲ್ಲಿರೋ ಇಂಜಿನಿಯರ್‌ಗೆ ಲಿಖಿತವಾಗಿ ಕೊಡಿ, ಮೇಲಿನವರನ್ನ ಎಬ್ಬಿಸಿ ಒಪ್ಪಿಗೆ ಪಡೆಯೋ ಹೊತ್ತಿಗೆ ಮುಗಿದುಹೋಗಿರುತ್ತೆ.

ಹೊಸಬೇಲಿ

ಮೂರೂ ಸೇರಿಸಿದೆ. ಅಧಿಕಾರದ ಸಾಲನ್ನ ಮೊದಲಿಗೇ ಹಾಕಿದ್ದೀನಿ, ಅದಕ್ಕೆ ಮಾತ್ರ ಅವರ ಸಹಿ ಬೇಕು.